ಬಾಗಿಲಾಚೆ ಮಗ್ದಲಿ ಆಡಿದ ಮಾತು

ಅವ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಅವಳ ಕೊನೆಯ ಪಾಪನಿವೇದನೆ ಬೀದಿಗೆಲ್ಲ ಕೇಳಿಸಿತು.

ಜ್ಞಾನಪ್ರಕಾಶ ಸ್ವಾಮಿಗಳು ನಮ್ಮೂರಿನ ಚರ್ಚಿಗೆ ಬಂದು ಆಗಿನ್ನೂ ಎರಡು ವರ್ಷ. ವಯಸ್ಸು ಚಿಕ್ಕದು, ದನಿ ಮೆತ್ತಗೆ. ನಮ್ಮನ್ನೆಲ್ಲ ಹೊರಗೆ ಕಳಿಸಿ, ಅವ್ವನ ಹಾಸಿಗೆಯ ಪಕ್ಕ ಮಣೆ ಎಳೆದುಕೊಂಡು ಕೂತು, ಮೊದಲು ಪಿಸುದನಿಯಲ್ಲೇ ಶುರು ಮಾಡಿದರು. ಅವ್ವ "ಆಂ?" ಎಂದಳು. ಸ್ವಲ್ಪ ಜೋರಾಗಿ ಕೇಳಿದರು. ಅವಳು ಮತ್ತೆ "ಆಂ?" ಎಂದಳು. ಕೊನೆಗೆ ಅವಳ ಕಿವಿಗೇ ಬಾಯಿಟ್ಟು ಕೂಗಬೇಕಾಯಿತು. ಹೊರಗೆ ಜಗಲಿಯ ಮೇಲೆ ನಾನು, ನನ್ನ ಗಂಡ ಚೌರಪ್ಪ, ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿ ರಾಯಪ್ಪನವರು ನಿಂತಿದ್ದೆವು. ಬೀದಿಯಲ್ಲಿ ಇನ್ನೂ ಹತ್ತು ಹದಿನೈದು ಜನರಿದ್ದರು. ಪರರ ಪಾಪನಿವೇದನೆ ಕೇಳಿಸಿಕೊಳ್ಳಬಾರದು ಎಂದು ಉಪದೇಶಿಗಳು ಕೈಯಾಡಿಸಿ ಎಲ್ಲರನ್ನೂ ಅಟ್ಟಿದರು. ಕೆಲವರು ಹೋದರು. ಕೆಲವರು ಹೋದ ಹಾಗೆ ಮಾಡಿದರು. ಎದುರುಮನೆಯ ಇನ್ನಾಸಮ್ಮ ಮಾತ್ರ ತನ್ನ ಹೊಸ್ತಿಲ ಮೇಲೆ ಉಣ್ಣೆ ಹಿಂಜುತ್ತ ಕೂತವಳು ಕೂತೇ ಇದ್ದಳು. ಅವಳನ್ನು ಏಳು ಎನ್ನುವ ಧೈರ್ಯ ಉಪದೇಶಿಗಳಿಗೂ ಬರಲಿಲ್ಲ.

"ಆ ಬಾಗಿಲು ಹಾಕಿದ್ದಕ್ಕೆ ನಿನಗೆ ಪಶ್ಚಾತ್ತಾಪ ಇದೆಯಾ ಜಪಮಾಲಮ್ಮ?" ಸ್ವಾಮಿಗಳು ಕೂಗಿದರು.

"ಇಲ್ಲ ಸ್ವಾಮಿ," ಎಂದಳು ಅವ್ವ. ಕಿವುಡರ ದನಿ. ಬೀದಿಯ ಕೊನೆಗೂ ಮುಟ್ಟಿತು.

"ದುಃಖ ಇಲ್ಲವಾ?"

"ದುಃಖ ದಿನಾ ಅದೆ. ನಲವತ್ತೊಂದು ವರ್ಸದಿಂದ ಅದೆ. ನೀವು ಕೇಳಿದ್ದು ಪಶ್ಚಾತ್ತಾಪ. ಅದು ಇಲ್ಲ. ನಾಳೆ ಆ ಕೂಸು ಬಂದು ತಟ್ಟಿದ್ರೂ ನಾನು ಅಗಳಿ ಹಾಕೋಳೆಯ."

"ಸಾಯುವ ಹೊತ್ತಿನಲ್ಲಿ ಹೀಗನ್ನಬೇಡಮ್ಮ. ತಪ್ಪಾಯಿತು ಅನ್ನು. ಒಂದೇ ಮಾತು."

"ತಪ್ಪಾಯ್ತು ಅಂದ್ರೆ, ನನ್ನ ಮಗಳು ಬದುಕಿದ್ದೇ ತಪ್ಪು ಅಂದಂಗಾಯ್ತದೆ. ಅಂಗನ್ನಕ್ಕಾಗಾಕಿಲ್ಲ ಸ್ವಾಮಿ."

ಆ ಮಗಳು ನಾನು. ಆರೋಗ್ಯಮ್ಮ. ಆ ಬಾಗಿಲು ಹಾಕಿದ ದಿನ ನನಗೆ ಎಂಟು ತಿಂಗಳು.

ಸ್ವಾಮಿಗಳು ಹೊರಗೆ ಬಂದಾಗ ಹಣೆಯ ತುಂಬ ಬೆವರು. ಸಾಯುವವರಿಗೆ ಪೂಸುವ ಎಣ್ಣೆಯ ಡಬ್ಬಿ ಕೈಯಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ನನ್ನ ಮುಖ ನೋಡದೆ, "ಒಂದು ಗಂಟೆ ಬಿಟ್ಟು ಬರುತ್ತೇನೆ. ಅಷ್ಟರಲ್ಲಿ ನೀನೂ ಹೇಳಿ ನೋಡಮ್ಮ," ಎಂದರು. ನಾನು ಒಳಗೆ ಹೋಗಿ ಅವ್ವನ ಕೈ ಹಿಡಿದು ಕೂತೆ. ಏನೆಂದು ಹೇಳಲಿ? ನಾನು ಬದುಕಿದ್ದಕ್ಕೆ ಕ್ಷಮೆ ಕೇಳು ಎನ್ನಲೇ? ಅವಳೇ ಕಣ್ಣು ತೆರೆದು, "ಉಂಡ್ಯಾ?" ಎಂದಳು. ಉಂಡೆ ಎಂದು ತಲೆಯಾಡಿಸಿದೆ. ಸ್ವಾಮಿಗಳು ತಿರುಗಿ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಬಾಗಿಲಿನ ಕತೆಯನ್ನು ನನಗೆ ಹೇಳಿದ್ದು ಊರು, ಅವ್ವನಲ್ಲ. ಅದು ದೊಡ್ಡ ಜ್ವರದ ವರ್ಷ. ಮೂರು ವಾರದಲ್ಲಿ ಊರಿನ ಮೂರರಲ್ಲೊಂದು ಪಾಲು ಜನ ಮಣ್ಣಾದರು. ಮಗ್ಗಗಳ ಮೇಲೆ ಅರ್ಧ ನೇಯ್ದ ಕಂಬಳಿಗಳು ಹಾಗೇ ಉಳಿದವು. ಅಪ್ಪ ಎರಡನೆಯ ವಾರದಲ್ಲಿ ಹೋದ. ಎದುರುಮನೆಯ ಇನ್ನಾಸಮ್ಮನ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಇನ್ನಾಸಮ್ಮನೂ ನಮ್ಮವ್ವನೂ ಆಗ ಒಡಹುಟ್ಟಿದವರ ಹಾಗೆ. ಒಂದು ಮನೆಯ ಸಾರು ಇನ್ನೊಂದು ಮನೆಗೆ ಹೋಗದ ದಿನವಿರಲಿಲ್ಲವಂತೆ. ಆಮೇಲೆ ಇನ್ನಾಸಮ್ಮನೂ ಹಾಸಿಗೆ ಹಿಡಿದಳು. ಮೈಮೇಲೆ ಎಚ್ಚರ ತಪ್ಪಿತು. ಮನೆಯಲ್ಲಿ ಉಳಿದಿದ್ದವಳು ಏಳು ವರ್ಷದ ಮಗಳು ಮಗ್ದಲಿ. ಒಂದು ಮಧ್ಯಾಹ್ನ, ಸುಡು ಬಿಸಿಲಿನಲ್ಲಿ, ಆ ಹುಡುಗಿ ಬೀದಿ ದಾಟಿ ನಮ್ಮ ಬಾಗಿಲಿಗೆ ಬಂದಳು. ಅವಳ ಕಣ್ಣು ಆಗಲೇ ಕೆಂಪಾಗಿತ್ತು ಎಂದು ನೋಡಿದವರು ಹೇಳುತ್ತಾರೆ. ಅವ್ವ ನನಗೆ ಹಾಲೂಡಿಸುತ್ತಿದ್ದಳು. ಎದ್ದು ಬಂದು ಅಗಳಿ ಹಾಕಿದಳು. ಮಗ್ದಲಿ ತಟ್ಟಿದಳು, ಏನೋ ಹೇಳಿದಳು, ಮತ್ತೆ ತಟ್ಟಿದಳು. ಆಮೇಲೆ ನಮ್ಮ ಜಗಲಿಯ ಮೇಲೇ ಮಲಗಿದಳು. ಬೈಗಿನ ಹೊತ್ತಿಗೆ ಹೆಣದ ಗಾಡಿಯವರು ಎತ್ತಿಕೊಂಡು ಹೋದರು.

ಇನ್ನಾಸಮ್ಮ ಸಾಯಲಿಲ್ಲ. ನಾಲ್ಕನೆಯ ದಿನ ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳಂತೆ. "ನನ್ನ ಮಗಳು ಬಂದಿದ್ಲಾ?" ಬಂದಿದ್ದಳು ಎಂದಳು ಅವ್ವ. "ಬಾಗ್ಲು ತೆಗೆದ್ಯಾ?" ಇಲ್ಲ ಎಂದಳು. "ಏನಂದ್ಲು?" ಅದಕ್ಕೆ ಅವ್ವ ಉತ್ತರ ಕೊಡಲಿಲ್ಲ. ಒಳಗೆ ಹೋದಳು. ಅಲ್ಲಿಂದ ನಲವತ್ತೊಂದು ವರ್ಷ ಇಬ್ಬರೂ ಎದುರುಬದುರು ಮನೆಗಳಲ್ಲಿ ಬದುಕಿದರು, ಒಂದೇ ಬಾವಿಯ ನೀರು ಸೇದಿದರು, ಒಂದೇ ಪೂಜೆಯಲ್ಲಿ ಮಂಡಿಯೂರಿದರು. ಮಾತಿಲ್ಲ.

ನಮ್ಮೂರಿನಲ್ಲಿ ಸತ್ತವರು ಎಲ್ಲಿಗೆ ಹೋದರು ಎಂಬುದು ಒಂಬತ್ತನೆಯ ದಿನ ಗೊತ್ತಾಗುತ್ತದೆ. ಅಂದು ಬೆಳಗಿನ ಪೂಜೆ ಮುಗಿಸಿ ಮನೆಯವರು ಬರಿಗಾಲಲ್ಲಿ ಸಮಾಧಿಗೆ ಹೋಗುತ್ತಾರೆ. ಹಿರಿಯ ಮಗನೋ ಮಗಳೋ ಮಣ್ಣಿನ ಮೇಲೆ ಅಂಗೈ ಇಡಬೇಕು. ಮಣ್ಣು ತಣ್ಣಗಿದ್ದರೆ ಸರಿ. ಸ್ವರ್ಗವೋ, ಪಾಪ ತೊಳೆಯುವ ಶುದ್ಧೀಕರಣ ಸ್ಥಳವೋ, ಅಂತೂ ದೇವರ ಕಡೆಗೆ ಹೋದರು ಎಂದರ್ಥ. ಬಿಸಿಯಿದ್ದರೆ ನರಕ. ಕೈ ಬೊಬ್ಬೆ ಬರುವಂಥ ಬಿಸಿಯಲ್ಲ. ಒಲೆ ಆರಿಸಿದ ಮೇಲೂ ಹಿಂಬದಿಯ ಗೋಡೆಯಲ್ಲಿ ಉಳಿದಿರುತ್ತದಲ್ಲ, ಅಂಥದು. ಆದರೆ ಗೋಡೆ ಆರುತ್ತದೆ, ಇದು ಆರುವುದಿಲ್ಲ. ನನ್ನ ಮುತ್ತಜ್ಜಿಯ ಕಾಲದವರ ಮಣ್ಣು ಇಂದಿಗೂ ಹಾಗೇ ಇದೆ.

ಇದರೊಂದಿಗೆ ಬಾಳುವುದನ್ನು ಊರು ಕಲಿತಿತ್ತು. ಹೆಣ್ಣು ಕೇಳಲು ಬಂದವರು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, "ನಿಮ್ಮಲ್ಲಿ ಬಿಸಿ ಎಷ್ಟು?" ಎಂದು ವಿಚಾರಿಸುತ್ತಿದ್ದರು. ಉಣ್ಣೆ ವ್ಯಾಪಾರದ ಅರುಳಪ್ಪನ ಮಕ್ಕಳು ತಂದೆಯ ಮೇಲೆ ಅಮೃತಶಿಲೆ ಹಾಸಿ ಮುಚ್ಚಲು ನೋಡಿದರು. ಎರಡು ಬೇಸಗೆಯಲ್ಲಿ ಕಲ್ಲು ಸೀಳಿತು. ಚಳಿಗಾಲದಲ್ಲಿ ಬೀದಿನಾಯಿಗಳು ಅಂಥ ಸಮಾಧಿಗಳನ್ನೇ ಹುಡುಕಿಕೊಂಡು ಹೋಗಿ ಮಲಗುತ್ತವೆ. ಮನೆಯವರು ಓಡಿಸುತ್ತಾರೆ, ಮತ್ತೆ ಬರುತ್ತವೆ. ಅಲ್ಲಿರುವವರಿಗೆ ಒಂದು ಹನಿ ನೀರಿನ ಆಸೆ ಎಂದು ಕೇಳಿ, ಸಂಜೆ ಸಂಜೆ ಕೊಡ ಹೊತ್ತುಕೊಂಡು ಹೋಗಿ ಸುರಿಯುವವರು ಊರಿನಲ್ಲಿ ಯಾವಾಗಲೂ ಹತ್ತಾರು ಜನ. ಮಣ್ಣು ನೀರು ಹೀರಿಕೊಂಡು ಗಳಿಗೆಯಲ್ಲಿ ಒಣಗುತ್ತದೆ.

ಯಾಕೆ ಹೋಗುತ್ತಾರೆ ಎಂಬುದನ್ನು ಉಪದೇಶಿ ರಾಯಪ್ಪನವರು ನಮಗೆ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿದ್ದರು. ಪಾಪ ದೊಡ್ಡದಾಗಿರಬೇಕು. ಪಾಪವೆಂದು ಗೊತ್ತಿದ್ದು ಮಾಡಿರಬೇಕು. ಬೇಕೆಂದೇ ಮಾಡಿರಬೇಕು. ಇಷ್ಟಾದರೂ ಸಾಯುವ ಮುಂಚೆ ಒಂದು ಸಲ ಮನಸ್ಸು ಕರಗಿ 'ತಪ್ಪಾಯಿತು ದೇವರೇ' ಎಂದರೆ ಸಾಕು, ಬಾಗಿಲು ತೆರೆಯುತ್ತದೆ. ಇದು ಬರಿಯ ಮಾತಲ್ಲ ಎಂದು ನಾವು ಕಣ್ಣಾರೆ ಕಂಡಿದ್ದೆವು. ಹೆಂಡತಿಯನ್ನು ಹೊಡೆದು ಹೊಡೆದು ಕುಂಟಿ ಮಾಡಿದ ದೇವಸಹಾಯ ಕೊನೆಯ ದಿನ ಗೋಳೋ ಎಂದು ಅತ್ತ. ಅವನ ಮಣ್ಣು ತಣ್ಣಗಿತ್ತು. ಆ ಕುಂಟಿ ಹೆಂಗಸು ಕೈಯಿಟ್ಟು ನೋಡಿ, ಕೋಲೂರಿಕೊಂಡು ಮನೆಗೆ ಹೋದಳು.

ಅವ್ವನ ಒಂಬತ್ತನೆಯ ದಿನ ನಾನು ಕೈಯಿಟ್ಟೆ. ಇಡುವ ಮೊದಲೇ ಗೊತ್ತಿತ್ತು, ಅಂಗಾಲಿಗೇ ತಾಗುತ್ತಿತ್ತು. ಆದರೂ ಇಟ್ಟೆ, ಬೇಗ ತೆಗೆಯಲಿಲ್ಲ. ಸುತ್ತ ಜನ ನಿಂತಿದ್ದರು. ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಅವ್ವ ದಿನಕ್ಕೆ ಮೂರು ಸಲ ಜಪಸರ ಮಾಡುತ್ತಿದ್ದವಳು. ಭಿಕ್ಷೆಗೆ ಬಂದವರನ್ನು ಬರಿಗೈಲಿ ಕಳಿಸಿದವಳಲ್ಲ. ದೊಡ್ಡ ಜ್ವರದಲ್ಲಿ ತಬ್ಬಲಿಯಾದ ಇಬ್ಬರನ್ನು ಸಾಕಿ ಮದುವೆ ಮಾಡಿದವಳು. ಅದ್ಯಾವುದೂ ಆ ಮಣ್ಣಿಗೆ ತಿಳಿದಿರಲಿಲ್ಲ.

ನನ್ನ ಮಗಳು ಸೆಲಿನಾಳಿಗೆ ಗೊತ್ತಾಗಿದ್ದ ಸಂಬಂಧ ಅದೇ ವಾರ ತಪ್ಪಿತು. ಹುಡುಗನ ತಾಯಿ ಒಳ್ಳೆಯವಳು. ಬಂದು ನನ್ನ ಕೈ ಹಿಡಿದುಕೊಂಡು ಅತ್ತೇ ಹೇಳಿದಳು. ಸೆಲಿನಾ ಮೂರು ದಿನ ಊಟ ಬಿಟ್ಟಳು. "ಅಜ್ಜಿ ಒಂದು ಮಾತು ಅಂದಿದ್ರೆ ಏನು ಗಂಟು ಹೋಗ್ತಿತ್ತು?" ಎಂದಳು. ಆ ಮಾತು ಅಂದಿದ್ದರೆ ಅವಳಿಗೇನೂ ಹೋಗುತ್ತಿರಲಿಲ್ಲ. ನಾನು ಹೋಗುತ್ತಿದ್ದೆ, ಅವ್ವನ ಲೆಕ್ಕದಲ್ಲಿ ನಾನೇ ಹೋಗುತ್ತಿದ್ದೆ. ಅದನ್ನು ಮಗಳಿಗೆ ಹೇಗೆ ಹೇಳುವುದು? ಎರಡು ವರ್ಷದ ಮೇಲೆ ಅವಳು ಮದುವೆಯಾಗಿ ಬೇರೊಂದು ಮನೆಗೆ ಹೋದಳು. ಅವರಲ್ಲೂ ಮೂರು ಬಿಸಿ ಇದ್ದವು. ಬಿಸಿ ಮನೆಯವರು ಬಿಸಿ ಮನೆಗೇ.

ಚೌರಪ್ಪ ನೇಯುತ್ತಿದ್ದ. ನಾನು ಹುಣಸೆಬೀಜದ ಗಂಜಿ ಕಾಯಿಸಿ ಕಂಬಳಿಗೆ ಬಳಿಯುತ್ತಿದ್ದೆ. ಸಂಜೆ ಕೊಡ ಹೊತ್ತುಕೊಂಡು ಸಮಾಧಿಗೆ ಹೋಗುತ್ತಿದ್ದೆ. ಹೀಗೆ ಮಳೆಗಾಲ ಕಳೆದು ಚಳಿ ಬಂತು. ಪುಷ್ಯದ ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ, ಹಿಂದಿನ ಸಂಜೆ ತಪ್ಪಿದ್ದರಿಂದ ನಾನು ಗೇಟು ತೆಗೆದು ಒಳಗೆ ಹೋದರೆ ಅವ್ವನ ಸಮಾಧಿಯ ಪಕ್ಕ ಯಾರೋ ಕಂಬಳಿ ಹೊದ್ದು ಕೂತಿದ್ದಾರೆ. ಹತ್ತಿರ ಹೋದೆ. ಇನ್ನಾಸಮ್ಮ. ಎರಡೂ ಅಂಗೈಗಳನ್ನು ಮಣ್ಣಿನ ಮೇಲೆ ಹರಡಿದ್ದಳು.

ಅವಳು ನನ್ನೊಂದಿಗೆ ಅದುವರೆಗೆ ಒಂದು ಮಾತೂ ಆಡಿದವಳಲ್ಲ. ಆದರೆ ತಲೆಯೆತ್ತಿ ನೋಡಿ, ದಿನವೂ ಮಾತಾಡುವವಳ ಹಾಗೆ, "ಚಳಿ ಕಾಯಿಸ್ಕಂತಾ ಇವ್ನಿ ಕಣಮ್ಮಿ," ಎಂದಳು. "ನಿಮ್ಮವ್ವ ಈಗಲಾದ್ರೂ ಒಂದು ಉಪಕಾರಕ್ಕೆ ಬಂದ್ಲು."

"ಇದು ಸರಿಯಾ ದೊಡ್ಡವ್ವ?" ಎಂದೆ. ನನಗೆ ಸಿಟ್ಟು ಬಂದಿತ್ತು.

"ಸರಿ ಅಂತ ನಾನೆಲ್ಲಂದೆ? ಕೂತ್ಕೊ."

ನಾನು ಕೂರಲಿಲ್ಲ. ಕೊಡ ಸೊಂಟದಲ್ಲೇ ಇತ್ತು. ಅವಳು ಮಣ್ಣು ನೋಡುತ್ತ ಕೇಳಿದಳು: "ನಿಂಗೇನಾದ್ರೂ ಹೇಳಿದ್ಲಾ? ಮಗ್ದಲಿ ಏನಂದ್ಲು ಅಂತ?"

"ಇಲ್ಲ. ಒಂದು ದಿನಾನೂ ಬಾಯಿ ಬಿಡ್ನಿಲ್ಲ."

"ನೀನಾದ್ರೂ ಕೇಳ್ನಿಲ್ವಾ?"

"ಕೇಳ್ನಿಲ್ಲ."

ಅದು ನಿಜ. ನಾನು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾಳೋ ಎಂಬ ಹೆದರಿಕೆ.

ಇನ್ನಾಸಮ್ಮ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡಳು. ಆಮೇಲೆ, ನನಗೆ ಹೇಳಿದಳೋ ಅವ್ವನಿಗೆ ಹೇಳಿದಳೋ, "ಜ್ವರದಾಗೆ ನಂಗೊಂದು ದನಿ ಕೇಳ್ತಿತ್ತು. 'ಅವ್ವಾ ಏಳವ್ವಾ, ಅವ್ವಾ ಏಳವ್ವಾ' ಅಂತ. ಕನಸೋ ನಿಜವೋ ತಿಳೀದು. ನಿಜವಾದ್ರೆ, ಅದು ನನ್ನ ಎಬ್ಬಿಸ್ತು, ನಾ ಏಳ್ನಿಲ್ಲ. ಮೊದ್ಲು ನನ್ನ ಬಾಗಿಲು ತಟ್ಟಿ ಆಮೇಲೆ ನಿಮ್ಮ ಬಾಗಿಲು ತಟ್ತು ಅಂದಂಗಾಯ್ತು. ಅಲ್ಲಿ ನಿಂತ್ಕಂಡು ಏನಂತೋ. 'ನಮ್ಮವ್ವ ಏಳಾಕಿಲ್ಲ' ಅಂತ ದೂರು ಹೇಳ್ತೋ. ಬೈಕಂಡೇ ಹೋಯ್ತೋ. ಇವಳೊಬ್ಬಳಿಗೇ ಗೊತ್ತಿರೋದು. ಇವಳು ಹೇಳ್ನಿಲ್ಲ," ಎಂದಳು.

ನಾನು ಕೊಡದ ನೀರನ್ನು ಅವ್ವನ ತಲೆದೆಸೆಗೆ ಸುರಿದು ಮನೆಗೆ ಬಂದೆ. ಆ ಚಳಿಗಾಲವೆಲ್ಲ ಇನ್ನಾಸಮ್ಮ ದಿನವೂ ಹೋದಳು. ನಾನು ನನ್ನ ಹೊತ್ತನ್ನು ಸಂಜೆಗೇ ಇಟ್ಟುಕೊಂಡೆ.

ಅವ್ವ ಸತ್ತ ಐದನೆಯ ವರ್ಷ ಇನ್ನಾಸಮ್ಮ ಹಾಸಿಗೆ ಹಿಡಿದಳು. ಕಾಲು ಊದಿಕೊಂಡಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಎದುರುಮನೆಯವಳು ನಾನೇ. ಗಂಜಿ ಮಾಡಿಕೊಂಡು ಬೀದಿ ದಾಟಿ ಹೋದ ಮೊದಲ ದಿನ ಚೌರಪ್ಪ ಕೇಳಿದ: "ತೆಗೀತಾಳಾ ಬಾಗ್ಲು?" ಅದು ತೆರೆದೇ ಇತ್ತು. ಅವಳು ಗಂಜಿ ಕುಡಿದಳು. ಉಪ್ಪು ಕಡಿಮೆ ಎಂದಳು. ಮರುದಿನ ಉಪ್ಪು ಹಾಕಿ ಒಯ್ದೆ.

ಸ್ವಾಮಿಗಳು ಎರಡು ಸಲ ಬಂದರು. ಅವಳು ಎಲ್ಲ ಪಾಪವನ್ನೂ ಹೇಳಿಕೊಂಡಳು. ಒಂದು ಕಡೆ ಮಾತ್ರ ನಿಂತಳು. ಎರಡನೆಯ ಸಲ ಸ್ವಾಮಿಗಳು ಹೊರಗೆ ಬಂದು, ಜಗಲಿಯ ಮೇಲಿದ್ದ ನನ್ನನ್ನು ಕರೆದುಕೊಂಡು ಮತ್ತೆ ಒಳಗೆ ಹೋದರು. "ನಿನ್ನ ಎದುರಿಗೇ ಕೇಳುತ್ತೇನೆ. ನಿನ್ನ ಮುಖ ನೋಡಿಯಾದರೂ ಮನಸ್ಸು ಬದಲಾಗಲಿ," ಎಂದರು. ಆಮೇಲೆ ಅವಳ ಕಡೆ ಬಾಗಿ, "ಪರರ ತಪ್ಪನ್ನು ಕ್ಷಮಿಸದವರಿಗೆ ದೇವರ ಕ್ಷಮೆ ಸಿಗುವುದಿಲ್ಲ ಇನ್ನಾಸಮ್ಮ. ಜಪಮಾಲಮ್ಮನನ್ನು ಕ್ಷಮಿಸಿದೆ ಅನ್ನು," ಎಂದರು.

"ಕ್ಷಮಿಸಿದ್ರೆ ನಾ ಮ್ಯಾಲಕ್ಕೆ ಹೋಯ್ತೀನಿ. ಅವಳು ಕೆಳಗವ್ಳೆ. ಮಗ್ದಲಿ ಏನಂದ್ಲು ಅಂತ ಕೇಳೋದೆಂಗೆ?"

"ಮೇಲೆ ನಿನ್ನ ಮಗಳೇ ಸಿಗುತ್ತಾಳಲ್ಲಮ್ಮ. ಅವಳನ್ನೇ ಕೇಳು."

ಇನ್ನಾಸಮ್ಮ ಗೋಡೆಯ ಕಡೆ ತಿರುಗಿದಳು. "ಅವಳು ಏನಂದು ಹೋದ್ಲು ಅಂತ ತಿಳೀದೆ ಅವಳ ಮುಂದೆ ಹೋಗಿ ಎಂಗೆ ನಿಂತ್ಕಳ್ಳಿ ಸ್ವಾಮಿ? 'ಎಬ್ಬಿಸ್ದಾಗ ಯಾಕೆ ಏಳ್ನಿಲ್ಲ' ಅಂದ್ರೆ? ಬ್ಯಾಡ. ಮೊದ್ಲು ಜಪಮಾಲಿ ತಾವ ಹೋಗ್ತೀನಿ. ಅಲ್ಲಾದ್ರೆ ಅವಳಿಗೆ ಹಾಕ್ಕಳಕ್ಕೆ ಬಾಗ್ಲಿರಾಕಿಲ್ಲ."

"ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ, ಗೊತ್ತಲ್ಲ?"

"ಗೊತ್ತು."

ಸ್ವಾಮಿಗಳ ಹಿಂದೆ ನಾನೂ ಜಗಲಿಗೆ ಬಂದೆ. ಅವರು ಕಂಬಕ್ಕೆ ಒರಗಿ ನಿಂತರು. ಕೈಯಲ್ಲಿ ಅದೇ ಎಣ್ಣೆಯ ಡಬ್ಬಿ, ಈ ಸಲವೂ ಮುಚ್ಚಳ ತೆಗೆದಿರಲಿಲ್ಲ. "ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ. ಅಲ್ಲಿಯವರೆಗೆ ಇದ್ದರೆ..." ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಮಧ್ಯಾಹ್ನದ ಬಿಸಿಲು ಬೀದಿಯ ಮೇಲೆ ಬಿದ್ದಿತ್ತು. ಎದುರಿಗೆ ನಮ್ಮ ಮನೆ. ನಮ್ಮ ಬಾಗಿಲನ್ನು ಅವಳ ಜಗಲಿಯಿಂದ ನಾನು ಗಮನವಿಟ್ಟು ನೋಡಿದ್ದು ಆಗಲೇ ಮೊದಲು. ಎಷ್ಟು ಹತ್ತಿರ. ಹದಿನೈದು ಹೆಜ್ಜೆಯೂ ಇಲ್ಲ.

ಒಳಗೆ ಹೋಗಿ ಅವಳ ಪಕ್ಕ ಕೂತೆ.

"ದೊಡ್ಡವ್ವ, ಅವ್ವ ನಂಗೆ ಹೇಳಿದ್ಲು," ಎಂದೆ.

ಅವಳು ತಿರುಗಿದಳು. "ಯಾವಾಗ?"

"ಸಾಯೋ ದಿನ. ಸ್ವಾಮಿಗಳು ಹೊರಗೆ ಹೋದ ಮ್ಯಾಕೆ ನಾನೊಬ್ಬಳೇ ಕೂತಿದ್ನಲ್ಲ, ಆಗ. ಅವಳ ದನಿ ಇಳಿದೋಗಿತ್ತು."

"ಸಮಾಧಿ ತಾವ ಕೇಳ್ದಾಗ ಇಲ್ಲ ಅಂದೆ."

"ನೀನು ಅವ್ವನ ಮ್ಯಾಲೆ ಕೈ ಕಾಯಿಸ್ಕಂತಾ ಕೂತಿದ್ದೆ. ಸಿಟ್ಟು ಬಂತು. ಅದ್ಕೇ ಹೇಳ್ನಿಲ್ಲ."

ಸಿಟ್ಟು ಬಂದದ್ದು ನಿಜವಾದ್ದರಿಂದ ಆ ಮಾತು ಸಲೀಸಾಗಿ ಬಂತು. ಅದರ ಹಿಂದೆ ಮಿಕ್ಕದ್ದೂ ಬಂತು. "'ಚಿಕ್ಕವ್ವಾ, ನಮ್ಮವ್ವ ಮಲಗವ್ಳೆ, ನಾ ಎಬ್ಬಿಸ್ನಿಲ್ಲ. ಅವಳು ಏಳೋಗಂಟ ನಿಮ್ಮ ಜಗಲೀಲಿ ಕೂತಿರ್ಲಾ?' ಅಂದ್ಲಂತೆ."

"ಎಬ್ಬಿಸ್ನಿಲ್ಲ ಅಂದ್ಲಾ?"

"ಹೂಂ. ಎಬ್ಬಿಸ್ನಿಲ್ಲ ಅಂದ್ಲಂತೆ."

"ಅಳ್ತಿತ್ತಾ?"

"ಇಲ್ವಂತೆ. ಸುಸ್ತಾಗಿತ್ತಂತೆ, ಅಷ್ಟೆ. ಅವ್ವ ಒಳಗಿಂದಾನೇ ಕೂತ್ಕೊ ಮಗ ಅಂದ್ಲಂತೆ. ಕೂತ್ಕತಂತೆ."

"ನೀರು ಕೇಳ್ತಾ?"

"ಕೇಳ್ತಂತೆ. ಅವ್ವ ಕಿಟಕೀಲಿ ಕೊಟ್ಲಂತೆ."

"ನಿಮ್ಮನೆಗೆ ಬೀದಿ ಕಡೀಕೆ ಕಿಟಕಿ ಎಲ್ಲಮ್ಮಿ ಅದೆ?" ಎಂದಳು ಇನ್ನಾಸಮ್ಮ.

ನಲವತ್ತಾರು ವರ್ಷ ಎದುರಿಗೆ ಕೂತು ಆ ಗೋಡೆಯನ್ನು ನೋಡಿದವಳು ಅವಳು. ಅದರ ಒಂದೊಂದು ಬಿರುಕನ್ನೂ ನನಗಿಂತ ಬಲ್ಲವಳು. "ಬಾಗ್ಲು ಕೆಳಗಿಂದ," ಎಂದೆ. "ತಟ್ಟೇಲಿ ಹಾಕಿ ತಳ್ಳಿದ್ಲಂತೆ. ಕಿಟಕಿ ಅಂತ ಬಾಯಿ ತಪ್ಪಿ ಬಂತು."

ಅವಳು ನನ್ನ ಮುಖವನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ ಹೇಳಲಾರೆ. ನಾನು ಕಣ್ಣು ತೆಗೆಯಲಿಲ್ಲ. ತೆಗೆದರೆ ಅವಳು ಅವ್ವನಿದ್ದಲ್ಲಿಗೇ ಹೋಗುತ್ತಾಳೆ ಎಂದು ಗೊತ್ತಿತ್ತು.

"ತಟ್ಟೇಲಿ," ಎಂದಳು ಕೊನೆಗೆ. ಕಣ್ಣು ಮುಚ್ಚಿದಳು. "ಹೂಂ. ತಟ್ಟೆಯಾದ್ರೆ ಹೋಯ್ತದೆ."

ಆಮೇಲೆ, "ಸ್ವಾಮೀನ ಕರಿ ಹೋಗು," ಎಂದಳು.

ನಾನು ಓಡಿದೆ. ನಲವತ್ತೇಳರ ಹೆಂಗಸು ಸೆರಗು ಸಿಕ್ಕಿಸಿಕೊಂಡು ಸಂತೆಬೀದಿಯ ನಡುವೆ ಓಡುವುದನ್ನು ಕಂಡು ಜನ ಅಂಗಡಿಯಿಂದ ಇಳಿದು ನೋಡಿದರು. ಸ್ವಾಮಿಗಳು ಊಟದ ಎಲೆ ಬಿಟ್ಟು ಎದ್ದು ಬಂದರು. ಇನ್ನಾಸಮ್ಮ ಅವರು ಕೂರುವ ಮೊದಲೇ, "ಜಪಮಾಲೀನ ಕ್ಷಮಿಸಿವ್ನಿ," ಎಂದಳು. ಮನಸ್ಸಿನಿಂದಲಾ ಎಂದು ಅವರು ಕೇಳಿದರು. "ಇನ್ನೆಲ್ಲಿಂದ?" ಎಂದಳು. ಸ್ವಾಮಿಗಳು ಡಬ್ಬಿಯ ಮುಚ್ಚಳ ತೆಗೆದು ಅವಳ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿದರು. ಮರುದಿನ ಹನ್ನೊಂದರ ಹೊತ್ತಿಗೆ, ನಾನು ಗಂಜಿ ಆರಿಸುತ್ತಿರುವಾಗ, ಅವಳು ಹೋದಳು.

ಒಂಬತ್ತನೆಯ ದಿನ ಕೈಯಿಡಲು ಅವಳಿಗೆ ನೆಂಟರಿರಲಿಲ್ಲ. ನೀನೇ ಇಡಮ್ಮ ಎಂದರು ಉಪದೇಶಿಗಳು. ಮಂಡಿಯೂರಿ ಇಟ್ಟೆ. ಮಣ್ಣು ತಣ್ಣಗಿತ್ತು. ಬೆಳಗಿನ ಮಣ್ಣು ಹೇಗಿರಬೇಕೋ ಹಾಗೆ, ತೇವವಾಗಿ, ಬೆರಳ ಸಂದಿಗೆ ಅಂಟಿಕೊಂಡಿತು. ಉಪದೇಶಿಗಳು ದೇವರಿಗೆ ಸ್ತೋತ್ರ ಹೇಳಿದರು. ಎಲ್ಲರೂ ಹೋದ ಮೇಲೆ ನಾನು ಅವ್ವನ ಹತ್ತಿರ ಹೋದೆ. ಯಾರಿಗೂ ಹೇಳದ ಒಂದು ಆಸೆ ನನಗಿತ್ತು: ಹೊಡೆತ ತಿಂದವಳೇ ಕ್ಷಮಿಸಿದ ಮೇಲೆ ಒಂದಿಷ್ಟಾದರೂ ಆರಿರಬಹುದೇನೋ ಎಂದು. ಕೈಯಿಟ್ಟೆ. ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಶನಿವಾರ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಸ್ವಾಮಿಗಳು ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಕಿಟಕಿ ಎಂದು ಬಾಯಿ ತಪ್ಪಿದ್ದನ್ನೂ ಹೇಳಿದೆ.

"ಸಾಯುವವಳ ಮುಂದೆ ಕೂತು, ಅವಳ ಸತ್ತ ಮಗುವಿನ ಬಾಯಲ್ಲಿ ಸುಳ್ಳು ಇಟ್ಟು, ಅವಳಿಂದ ಕ್ಷಮೆ ತೆಗೆದೆ," ಎಂದರು. "ಇದು ಚಿಕ್ಕದಲ್ಲ ಆರೋಗ್ಯಮ್ಮ."

"ಗೊತ್ತು ಸ್ವಾಮಿ."

"ಪಶ್ಚಾತ್ತಾಪ ಇದೆಯಾ?"

"ಇಲ್ಲ."

"ಅವಳು ಉಳಿದಳು ಎಂದು ಸಂತೋಷಪಡು. ಅದು ಪಾಪವಲ್ಲ. ಸುಳ್ಳಿಗೆ ಮಾತ್ರ ದುಃಖಪಡು. ಎರಡನ್ನೂ ಬೇರೆ ಬೇರೆ ಇಡಬಹುದು."

"ಇಡಕ್ಕೆ ನೋಡ್ದೆ ಸ್ವಾಮಿ. ಆ ಸುಳ್ಳಲ್ದೆ ಇನ್ಯಾವುದ್ರಿಂದ್ಲೂ ಅವಳು ಉಳೀತಿರ್ನಿಲ್ಲ. ಬೇರೆ ಮಾಡಾಕಾಗ್ನಿಲ್ಲ."

"ಬಾಯಿಮಾತಿಗಾದರೂ ತಪ್ಪಾಯಿತು ಅನ್ನಮ್ಮ." ಅವ್ವನ ಹಾಸಿಗೆಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದವರು ಅವರೇ. "ಅಷ್ಟು ಹೇಳು ಸಾಕು. ಮಿಕ್ಕದ್ದನ್ನು ನಾನು ಹೊತ್ತುಕೊಳ್ಳುತ್ತೇನೆ."

"ಇನ್ನಾಸವ್ವಂಗೆ ಒಂದು ಸುಳ್ಳು ಹೇಳಿವ್ನಿ. ಅದು ಸಾಕು ಸ್ವಾಮಿ. ದೇವ್ರ ಕಿವಿಗೂ ಒಂದು ಹಾಕಿಸ್ಬೇಡಿ."

ಪಾಪವಿಮೋಚನೆಗೆ ಎತ್ತುವ ಕೈಯನ್ನು ಅವರು ಎತ್ತಲಿಲ್ಲ. ಎತ್ತುವಂತಿರಲಿಲ್ಲ. ನನ್ನ ಹಿಂದೆ ಸಾಲಿನಲ್ಲಿ ನಿಂತವರು ಯಾರೋ ಕೆಮ್ಮಿದರು. ನಾನು ಎದ್ದು ಬಂದೆ. ಮೆಟ್ಟಿಲ ಮೇಲೆ ಚೌರಪ್ಪ ಕಾಯುತ್ತಿದ್ದ. "ಆಯ್ತಾ?" ಎಂದ. ಆಗಲಿಲ್ಲ ಎಂದೆ. ಮನೆಯವರೆಗೂ ನನ್ನ ಜೊತೆ ಮೆಲ್ಲಗೆ ನಡೆದು ಬಂದ.

ಇದಾಗಿ ಒಂಬತ್ತು ವರ್ಷ. ಸ್ವಾಮಿಗಳಿಗೆ ಬೇರೆ ಊರಿಗೆ ವರ್ಗವಾಗುವುದಿತ್ತು. ಬೇಡವೆಂದು ಬರೆದು ಇಲ್ಲೇ ಉಳಿದರು. ಅವರ ಕಿವಿಯ ಹತ್ತಿರ ನರೆ ಬಂದಿದೆ. ಶನಿವಾರ ಎಲ್ಲರೂ ಮುಗಿಸಿ ಹೋದ ಮೇಲೆ ಅವರು ಜಾಲರಿಯ ಆಚೆ ಕೂತು ನನಗಾಗಿ ಕಾಯುತ್ತಾರೆ. ಸೆಲಿನಾಳ ಮಕ್ಕಳು ಬೆಳೆಯುತ್ತಿದ್ದಾರೆ. ಅವರನ್ನು ಕೇಳಲು ಬರುವವರು ನನ್ನ ಮಣ್ಣನ್ನೂ ಮುಟ್ಟಿ ನೋಡಿಯೇ ಬರುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಹಾಗಾಗಿ ರೂಢಿಯಾಯಿತೆಂದು ನಾನು ಬಾಯಿಗೆ ಬಂದದ್ದನ್ನು ಹೇಳುವುದಿಲ್ಲ. ಪಶ್ಚಾತ್ತಾಪ ಇದೆಯಾ ಎಂದು ಸ್ವಾಮಿಗಳು ಕೇಳುತ್ತಾರೆ. ನಾನು ಕಣ್ಣು ಮುಚ್ಚಿ, ಆ ಮಧ್ಯಾಹ್ನಕ್ಕೆ ಹೋಗಿ, ಆ ಮುದುಕಿಯ ಮುಖವನ್ನು ಎದುರಿಗೆ ತಂದುಕೊಂಡು, ಪ್ರತಿಸಲವೂ ಹೊಸದಾಗಿ ಯೋಚಿಸುತ್ತೇನೆ. ಆಮೇಲೆ ಇಲ್ಲ ಎನ್ನುತ್ತೇನೆ.